ಖಾಲಿ ಕಂಡ ಚಿಪ್ಪುಗಳು

ನನ್ನ ಅಕ್ಕ ನನ್ನನ್ನು ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು ಸಹಾಯ. ಏನೂ ಮಾಡದೆ ಸುಮ್ಮನಿರು ಅಂತ. ನನ್ನ ಕೈಲಿ ಅಷ್ಟೂ ಆಗಲಿಲ್ಲ.

ಅವಳನ್ನು ನೋಡಿದವರಿಗೆ ಮೊದಲು ಕಾಣುವುದು ಬಲಗೈ ಮೊಣಕೈಗಿಂತ ಮೇಲೆ ಇರುವ ಬಿಳಿ ಗೆರೆ. ನಮ್ಮ ಕೊಳ್ಳೇಗಾಲದ ಬೋರಿನ ನೀರು ಗಡಸು. ಪಾತ್ರೆಯಲ್ಲಿ ಆರಿದರೆ ಸುಣ್ಣ ಬಳಿದ ಹಾಗೆ ಬಿಳಿಚಿಕೊಳ್ಳುತ್ತದೆ, ಬೇಳೆ ಹಾಕಿದರೆ ಬೇಯುವುದಿಲ್ಲ. ಅಕ್ಕ ದಿನವೂ ಗಾಜಿನ ತೊಟ್ಟಿಯೊಳಗೆ ತೋಳಿನವರೆಗೆ ಕೈ ಇಳಿಸುತ್ತಿದ್ದಳು. ಒರೆಸಿಕೊಳ್ಳುತ್ತಿರಲಿಲ್ಲ. ನೀರು ಎಲ್ಲಿಯವರೆಗೆ ಬಂದಿತ್ತೋ ಅಲ್ಲಿ ಸುತ್ತಲೂ ಒಂದು ಗೆರೆ ಉಳಿಯುತ್ತಿತ್ತು. ಗಂಡನನ್ನು ಬಿಟ್ಟು ಬಂದವಳ ಕೈಗೆ ಇದೇ ಬಳೆ ಅಂತ ನನ್ನ ಹೆಂಡತಿ ಒಂದು ಸಲ ಚುಚ್ಚಿದಳು. ಅಕ್ಕ ತೊಟ್ಟಿಯಿಂದ ಕೈ ತೆಗೆಯದೆಯೇ, "ಒಡ್ದೋಗದ ಬಳೆ ಕಣಮ್ಮಿ ಇದು. ನೀನೂ ಒಂದು ಜೊತೆ ಆಕ್ಕೊ" ಅಂದಳು.

ನಮ್ಮ ಮನೆಯಲ್ಲಿ ಮಾತು ಅಂದರೆ ಹೀಗೆಯೇ ಇರುತ್ತಿತ್ತು.

ನಾನು ಮೋಟಾರ್ ವೈಂಡಿಂಗ್ ಮಾಡುವವನು. ಸುಟ್ಟುಹೋದ ಪಂಪಿನ ಮೋಟಾರು ಬಿಚ್ಚಿ, ಕರಕಲಾದ ತಾಮ್ರದ ತಂತಿ ಕಿತ್ತು, ಹೊಸ ತಂತಿ ಸುತ್ತಿ, ವಾರ್ನಿಷ್ ಕುಡಿಸಿ ಒಣಗಿಸಿ ಕೊಡುವ ಕೆಲಸ. ಓದಿದ್ದು ಏಳನೇ ಕ್ಲಾಸು. ಮನೆಯ ಮುಂದಿನ ಕೋಣೆಯೇ ಅಂಗಡಿ, ಅಪ್ಪ ಶುರು ಮಾಡಿದ್ದು. ಆದರೆ ಅಪ್ಪ ಆ ಕೆಲಸ ಮೊದಲು ಕಲಿಸಿದ್ದು ನನಗಲ್ಲ, ಅಕ್ಕನಿಗೆ. ಸ್ಕೂಲಿಗೆ ಅಂತ ಹೊರಟು ನಾನು ಕೆರೆ ಏರಿಯ ಮೇಲೆ ಅಲೆಯುತ್ತಿದ್ದಾಗ ಅವಳು ಅಪ್ಪನ ಎದುರು ಕೂತು ತಂತಿ ಸುತ್ತುತ್ತಿದ್ದಳು. ಅವಳನ್ನು ತಮಿಳುನಾಡಿನ ಗಡಿಯ ಮಾರ್ಟಳ್ಳಿಗೆ ಕೊಟ್ಟು ಮದುವೆ ಮಾಡಿದ ಮೇಲೆ ಅವಳ ಮಣೆಯ ಮೇಲೆ ನಾನು ಕೂತೆ. ಅಪ್ಪ ತೀರಿಕೊಂಡ ಮೇಲೆ ಅಂಗಡಿ ನನ್ನದಾಯಿತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಭಾವ ವ್ಯಾನು ಓಡಿಸುತ್ತಿದ್ದ. ಚೆನ್ನೈ ಕಡೆಯಿಂದ ಬಣ್ಣದ ಮೀನುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ತಂದು ಮೈಸೂರಿನ ಅಂಗಡಿಗಳಿಗೆ ಹಾಕುವ ಕೆಲಸ. ದಾರಿಯಲ್ಲಿ ಸೊರಗಿದವು, ಅಂಗಡಿಯವರು ಬೇಡವೆಂದವು ಅಕ್ಕನ ಮನೆಗೆ ಬರುತ್ತಿದ್ದವು. ಅವಳು ಅವುಗಳನ್ನು ಬದುಕಿಸುತ್ತಿದ್ದಳು. ಕೊನೆಗೊಂದು ದಿನ ಭಾವ ಗಡಿಯಾಚೆ ಇನ್ನೊಂದು ಸಂಸಾರ ಮಾಡಿಕೊಂಡು ಅಲ್ಲೇ ಉಳಿದ. ಅಕ್ಕ ಯಾರ ಹತ್ತಿರವೂ ನ್ಯಾಯ ಕೇಳಲು ಹೋಗಲಿಲ್ಲ. ಗೂಡ್ಸ್ ಆಟೋ ಮಾಡಿಕೊಂಡು ಕೌದಳ್ಳಿ, ಹನೂರು ದಾಟಿ ನಮ್ಮ ಬಾಗಿಲಿಗೆ ಬಂದಳು. ಆಟೋದಲ್ಲಿ ರಜಾಯಿ ಸುತ್ತಿದ್ದ ಎರಡು ಗಾಜಿನ ತೊಟ್ಟಿ, ಮೀನು ಬಿಟ್ಟು ಮುಚ್ಚಳ ಬಿಗಿದ ಎರಡು ಡ್ರಮ್ಮು, ಮತ್ತೆ ಮೂಟೆಗಳು.

"ಮೂಟೇಲಿ ಏನಕ್ಕ, ರಾಗಿಯಾ?" ಅಂದೆ.

"ಕಲ್ಲು."

"ಕಲ್ಲಾ?"

"ಊಂ ಕಣ್ಲಾ, ಮಾರ್ಟಳ್ಳಿ ಬೆಟ್ಟದ್ದು. ಬಾಯ್ಬುಟ್ಕಂಡು ನಿಂತ್ಕಬ್ಯಾಡ, ಇಳ್ಸು."

ಗಂಡನ ಮನೆಯಿಂದ ಕಲ್ಲು ಹೊತ್ತು ತಂದವಳು ಅಂತ ನಮ್ಮ ಬೀದಿಯಲ್ಲಿ ಅವಳಿಗೆ ಹೆಸರು ಬಿದ್ದಿದ್ದು ಅವತ್ತೇ. ಆ ಹೆಸರನ್ನು ಮೊದಲು ಆಡಿದವನು ನಾನು. ಟೀ ಅಂಗಡಿಯಲ್ಲಿ ನಗಿಸಲಿಕ್ಕೆ ಆಡಿದೆ.

ಅಂಗಡಿಯ ಹಿಂದಿನ ಅರ್ಧ ಭಾಗ ಅವಳಿಗೆ ಕೊಟ್ಟೆ. ಕೊಟ್ಟೆ ಅನ್ನುವುದು ನನ್ನ ದೊಡ್ಡಸ್ತಿಕೆ. ಅವಳೇ ತೊಟ್ಟಿಗಳನ್ನು ಅಲ್ಲಿಟ್ಟಳು, ನಾನು ಬೇಡ ಅನ್ನಲಿಲ್ಲ. ಆದರೆ ಅವತ್ತಿನಿಂದ ಒಂದು ಹುಳ ನನ್ನ ತಲೆ ಹೊಕ್ಕಿತು. ಮೋಟಾರು ರಿಪೇರಿಗೆ ಬಂದವರೊಬ್ಬರು, "ಈಗ ಹೆಣ್ಮಕ್ಕಳ್ಗೂ ಭಾಗ ಅದೆ ಕಣ್ಲಾ, ಉಸಾರು" ಅಂತ ಹೇಳಿಹೋದರು. ಆಮೇಲೆ ಅವಳು ಒಂದು ಮೊಳೆ ಹೊಡೆದರೂ ನನಗೆ ಅದು ಬೇಲಿಗೂಟದ ಹಾಗೆ ಕಾಣುತ್ತಿತ್ತು. ತಡೆಯಲಾರದೆ ಒಂದು ದಿನ ಕೇಳಿಯೇಬಿಟ್ಟೆ. "ಭಾಗ ಬೇಕಾ ನಿಂಗೆ? ಬೇಕಿದ್ರೆ ನೇರವಾಗಿ ಯೋಳ್ಬುಡು."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಿನ್ನ ಭಾಗ ಯಾವಳಿಗ್ ಬೇಕ್ಲಾ? ಸುಟ್ಟ ತಾಮ್ರದ ನಾತ. ನಂಗೆ ಪ್ಲಗ್ ಪಾಯಿಂಟು ಒಂದಿದ್ರೆ ಸಾಕು."

ನಿಜವಾಗಿ ಅಷ್ಟೇ ಸಾಕಾಗಿತ್ತು ಅವಳಿಗೆ. ತೊಟ್ಟಿಗೆ ಗಾಳಿ ಊದುವ ಪುಟ್ಟ ಮಿಷನ್ನಿಗೆ ಕರೆಂಟು. ನಾನು ನಂಬಲಿಲ್ಲ.

ಎರಡು ತೊಟ್ಟಿಯಲ್ಲಿ ದೊಡ್ಡದು ಕಲ್ಲಿನ ಮೀನಿಂದು. ಮಾರ್ಟಳ್ಳಿಯ ಕಲ್ಲುಗಳನ್ನು ಅವಳು ಸಂದು ಗೊಂದುಗಳಿರುವ ಹಾಗೆ ನೀರಿನ ಮಟ್ಟದವರೆಗೂ ಪೇರಿಸಿದ್ದಳು. ಹಳದಿ, ನೀಲಿ, ಪಟ್ಟೆಪಟ್ಟೆ ಮೀನುಗಳು ಆ ಸಂದುಗಳಲ್ಲಿ ಇರುತ್ತಿದ್ದವು. ನೋಡಲು ಚೆಂದ, ಬುದ್ಧಿ ಕೆಟ್ಟದ್ದು. ಒಂದೊಂದೂ ಒಂದೊಂದು ಸಂದು ಹಿಡಿದುಕೊಂಡು ಬೇರೆಯದು ಹತ್ತಿರ ಬಂದರೆ ರೆಕ್ಕೆ ಹರಿಯುತ್ತಿದ್ದವು. ಚಿಕ್ಕ ತೊಟ್ಟಿ ಚಿಪ್ಪಿನ ಮೀನಿಂದು. ಕಿರುಬೆರಳಿನ ಅರ್ಧವೂ ಇಲ್ಲದ, ಬೂದು ಪಟ್ಟೆಯ, ಕಣ್ಣು ಮಾತ್ರ ಹೊಳೆಯುವ ಮೀನುಗಳು. ತಳದಲ್ಲಿ ಮರಳು, ಮರಳ ಮೇಲೆ ಖಾಲಿ ಚಿಪ್ಪುಗಳ ರಾಶಿ. ಗದ್ದೆಯಲ್ಲಿ ಸಿಗುವ ಬಸವನಹುಳದ ಚಿಪ್ಪು. ಮಾರ್ಟಳ್ಳಿಯಲ್ಲಿದ್ದು ಬಂದವಳಾದ್ದರಿಂದ ಅಕ್ಕ ಅದನ್ನು ತಮಿಳರ ಹಾಗೆ ನತ್ತೆ ಚಿಪ್ಪು ಅನ್ನುತ್ತಿದ್ದಳು. ಯಳಂದೂರಿನ ಗದ್ದೆ ಬಯಲಿಗೆ ಬಸ್ಸಿನಲ್ಲಿ ಹೋಗಿ, ಬದುವಿನ ಮೇಲೆ ಬಿದ್ದಿರುವುದರಲ್ಲಿ ಬಾಯಿ ಒಡೆಯದ್ದನ್ನು ಆರಿಸಿ, ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದಳು.

ಎರಡೂ ಜಾತಿಯ ಮೀನುಗಳು ಆಫ್ರಿಕಾದ ಯಾವುದೋ ದೊಡ್ಡ ಕೆರೆಗಳವಂತೆ. ಅಂಗಡಿಯವರು ಸಿಕ್ಲಿಡ್ ಅನ್ನುತ್ತಾರೆ. ಆ ಕೆರೆಗಳ ನೀರೂ ನಮ್ಮ ಬೋರಿನ ನೀರಿನ ಹಾಗೆ ಗಡಸಂತೆ. "ಈ ಊರ ನೀರ ಬೈಯದೆ ಕುಡ್ಯೋರು ಇವ್ರೊಬ್ರೇ" ಅಂತ ಅಕ್ಕ ಹೇಳುತ್ತಿದ್ದಳು.

ಚಿಪ್ಪಿನ ಮೀನುಗಳೆಂದರೆ ಅವಳಿಗೆ ಜೀವ. ಅವು ಬಾಯಲ್ಲಿ ಮರಳು ಕಚ್ಚಿ ತಂದು ಉಗಿದು ಗುಡ್ಡೆ ಹಾಕುತ್ತಿದ್ದವು, ಚಿಪ್ಪನ್ನು ಅರ್ಧ ಹೂತು ಬಾಯಿ ಮಾತ್ರ ಮೇಲೆ ಬಿಡುತ್ತಿದ್ದವು. ಬೆಳಿಗ್ಗೆ ಇದ್ದ ಹಾಗೆ ಸಂಜೆ ಇರುತ್ತಿರಲಿಲ್ಲ. ಅಕ್ಕ ಕೈ ಇಳಿಸಿದರೆ ಅಷ್ಟು ಸಣ್ಣ ಮೀನು ಬಂದು ಅವಳ ಬೆರಳನ್ನು ಕಚ್ಚುತ್ತಿತ್ತು. ಅವಳು ನಕ್ಕು, "ನೋಡ್ಲಾ ಧಿಮಾಕು. ಅಕ್ಕಿಕಾಳಿನಷ್ಟು ಬಾಯಿ, ಮನೆ ಮಾತ್ರ ಬುಡಲ್ಲ" ಅನ್ನುತ್ತಿದ್ದಳು. ಅವಳು ನಕ್ಕಿದ್ದನ್ನು ನಾನು ನೋಡಿದ್ದು ಆ ತೊಟ್ಟಿಯ ಮುಂದೆ ಮಾತ್ರ. ಮೊದಲು ಒಂದೇ ಜೋಡಿ ಇದ್ದದ್ದು, ಬರುಬರುತ್ತಾ ಮಕ್ಕಳು ಮೊಮ್ಮಕ್ಕಳಾಗಿ ಅದೇ ಚಿಪ್ಪಿನ ರಾಶಿಯಲ್ಲಿ ತುಂಬಿಕೊಂಡವು. ಅದನ್ನೂ ಅವಳು ನನ್ನ ಮೇಲೆ ಎಸೆಯಲು ಬಳಸಿದಳು. "ಇವು ಒಡಹುಟ್ಟಿದವನ್ನ ಓಡ್ಸಲ್ಲ ಕಣ್ಲಾ. ನಿನ್ನಂಗಲ್ಲ."

ನಾನು ಅವಳನ್ನು ಓಡಿಸಿರಲಿಲ್ಲ. ಆದರೆ ಇರಲು ಬಿಟ್ಟಿದ್ದೆ ಅಂತಲೂ ಹೇಳಲಾರೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದೆ, ಆ ಕಡೆ ಅವಳದು, ಈ ಕಡೆ ನನ್ನದು. ತಾಮ್ರದ ಚೂರು ತೊಟ್ಟಿಗೆ ಬಿದ್ದರೆ ಮೀನು ಸಾಯುತ್ತವೆ ಅಂತ ಅವಳು ಹೇಳಿದ ಮೇಲೆ, ಬೇಕಂತಲೇ ಗೆರೆಯ ಹತ್ತಿರ ಕೂತು ತಂತಿ ಕತ್ತರಿಸುತ್ತಿದ್ದೆ. ಅವಳು ಒದ್ದೆ ದುಪ್ಪಟಿ ತಂದು ತೊಟ್ಟಿ ಮುಚ್ಚುತ್ತಿದ್ದಳು. ನಾನು ವಾರ್ನಿಷ್ ಡಬ್ಬದ ಮುಚ್ಚಳ ತೆಗೆದರೆ ಅವಳು ಬೀದಿಗೆ ಕೇಳುವ ಹಾಗೆ ಕೆಮ್ಮುತ್ತಿದ್ದಳು. ಗೆರೆ ನೋಡಿ ಒಂದು ದಿನ, "ಮೀನೂ ಇಂಗೇ ಮಾಡ್ತವೆ. ಆದ್ರೆ ಪಾಪ, ಅವ್ಕೆ ಬುದ್ಧಿ ಇಲ್ಲ" ಅಂದಳು.

ಒಂದು ಸಲ ಅವಳು ಕಲ್ಲಿನ ತೊಟ್ಟಿಗೆ ಹೊಸ ನೀಲಿ ಮೀನೊಂದನ್ನು ತಂದಳು. ಮೀನು ಬಿಡುವ ಮೊದಲು ಇದ್ದ ಕಲ್ಲುಗಳನ್ನೆಲ್ಲ ಎತ್ತಿ ಹೊರಗಿಟ್ಟು, ಬೇರೆಯೇ ರೀತಿ ಪೇರಿಸಲು ಕೂತಳು. ನಾನು ಕೆಲಸ ಬಿಟ್ಟು ನೋಡುತ್ತಿದ್ದೆ. ಎಲ್ಲರನ್ನೂ ಅಟ್ಟಾಡಿಸುತ್ತಿದ್ದ ದೊಡ್ಡ ಹಳದಿ ಮೀನು ತನ್ನ ಸಂದು ಹುಡುಕಿಕೊಂಡು ಪೆದ್ದನ ಹಾಗೆ ಗಾಜಿಗೆ ಮೂತಿ ತಿಕ್ಕುತ್ತಿತ್ತು.

"ಚೆನ್ನಾಗಿತ್ತಲ್ಲ, ಯಾಕೆ ಕಿತ್ತೆ?" ಅಂದೆ.

"ಹೊಸಬನ್ನ ಸುಮ್ನೆ ಬುಟ್ರೆ ಕೊಂದಾಕ್ತವೆ. ಕಲ್ಲೆಲ್ಲ ಬದ್ಲಾಯ್ಸಿದ್ರೆ ಎಲ್ಲಾವೂ ಹೊಸಬರೇ. ಯಾವನ್ಗೂ ಇದು ನಮ್ಮಪ್ಪನ ಮನೆ ಅನ್ನಕ್ಕಾಗಲ್ಲ."

"ಅಂದ್ರೆ ನನ್ನ ಮನೇನೂ ಕಿತ್ತು ಜೋಡುಸ್ತೀಯಾ?"

"ಮೊದ್ಲು ನಿನ್ನ ತಲೆ ಕಿತ್ತು ಜೋಡುಸ್ಬೇಕು" ಅಂದು ಇನ್ನೊಂದು ಕಲ್ಲು ಇಳಿಸಿದಳು.

ಇದಕ್ಕೆಲ್ಲ ನಾನು ಸಿಟ್ಟಾಗಿದ್ದೆನೇ ಹೊರತು ನೊಂದಿರಲಿಲ್ಲ. ನೊಂದಿದ್ದು ಹನೂರಿನ ಗಿರಾಕಿಯೊಬ್ಬರ ಮುಂದೆ. ಅವರ ಮೋಟಾರು ಸುತ್ತಿ ಮುಗಿಸಿ, ಕನೆಕ್ಷನ್ ಕೊಟ್ಟು ಓಡಿಸಿ ತೋರಿಸುತ್ತಿದ್ದೆ. ಚೆನ್ನಾಗಿಯೇ ತಿರುಗುತ್ತಿತ್ತು. ಅಕ್ಕ ನಮಗೆ ಬೆನ್ನು ಹಾಕಿ ಮೀನಿಗೆ ಊಟ ಹಾಕುತ್ತಿದ್ದವಳು, ತಿರುಗಿಯೂ ನೋಡದೆ, ಸದ್ದು ಕೇಳಿಯೇ, "ಉಲ್ಟಾ ತಿರುಗ್ತಾದೆ ಅದು" ಅಂದಳು. ನಾನು ಕೇಳಿಸದವನ ಹಾಗಿದ್ದೆ. ಗಿರಾಕಿ ಬಗ್ಗಿ ನೋಡಿದರು. ಹೌದು, ಒಂದು ಕಾಯಿಲಿನ ತುದಿ ಅದಲು ಬದಲಾಗಿತ್ತು.

"ಇಂಗೇ ತಕಂಡೋಗಿದ್ರೆ ಏನಾಯ್ತಿತ್ತವ್ವ?" ಅಂತ ಅವರು ಅಕ್ಕನನ್ನೇ ಕೇಳಿದರು.

"ನೀರ ಎತ್ತಲ್ಲ. ನಮ್ಮುಡ್ಗನಂಗೆ ಬರೀ ಸದ್ದು ಮಾಡ್ತದೆ."

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅದಾದ ಮೇಲೆ ಅಂಗಡಿಗೆ ಬಂದವರು ಒಬ್ಬಿಬ್ಬರು, "ಒಂದ್ಸಲ ನಿಮ್ಮಕ್ಕಂಗೆ ತೋರ್ಸಪ್ಪ" ಅನ್ನತೊಡಗಿದರು. ನಾನು ಅಕ್ಕನ ಮಾತನ್ನು ಕಿವಿಗೇ ಹಾಕಿಕೊಳ್ಳಬಾರದು ಅಂತ ತೀರ್ಮಾನ ಮಾಡಿದ್ದು ಆಗ. ಅವಳು ಬಾಯಿ ತೆರೆದರೆ ನಾನು ಗ್ರೈಂಡಿಂಗ್ ಮಿಷನ್ ಹಾಕುತ್ತಿದ್ದೆ. ಸಾಣೆ ಹಿಡಿಯಲು ಏನೂ ಇಲ್ಲದಿದ್ದರೂ ಹಾಕುತ್ತಿದ್ದೆ. ಸಾಣೆಕಲ್ಲು ತಿರುಗುವ ಸದ್ದಿನಲ್ಲಿ ಅವಳ ಬಾಯಿ ಆಡುವುದು ಮಾತ್ರ ಕಾಣುತ್ತಿತ್ತು, ಆ ತೊಟ್ಟಿಯ ಮೀನುಗಳ ಬಾಯಿಯ ಹಾಗೆ. ಅದರಲ್ಲಿ ನನಗೊಂದು ಸುಖವಿತ್ತು.

ಹೀಗಿರುವಾಗ ಅಕ್ಕನಿಗೆ ಹೊಟ್ಟೆನೋವು ಬಂತು. ಪಿತ್ತಕೋಶದಲ್ಲಿ ಕಲ್ಲು, ಆಪರೇಷನ್ ಆಗಬೇಕು ಅಂದರು. "ತೊಟ್ಟೀಲಿ ಸಾಲ್ದು ಅಂತ ಒಟ್ಟೇಲೂ ಕಲ್ಲು ಸಾಕವ್ಳೆ" ಅಂತ ನಾನು ಅವಳ ಎದುರೇ ಹೇಳಿದೆ. ಅವಳು ನೋವಿನಲ್ಲಿ ಬಾಗಿಕೊಂಡೇ, "ಈಚ್ಗೆ ತಗ್ದ್ಮೇಲೆ ನಿನ್ನ ತಲೆ ಮೇಲೆ ಇಡ್ತೀನಿ ಇರು" ಅಂದಳು. ಮೈಸೂರಿನ ಆಸ್ಪತ್ರೆಗೆ ಅವಳ ಜೊತೆ ಹೋಗಲು ಯಾರೂ ಇರಲಿಲ್ಲ. ಅಷ್ಟು ದಿನ ಅವಳಿಗೆ ಚುಚ್ಚುತ್ತಿದ್ದ ನನ್ನ ಹೆಂಡತಿಯೇ ಬಟ್ಟೆ ಗಂಟು ಕಟ್ಟಿಕೊಂಡು ಹೊರಟಳು.

ಹೊರಡುವ ದಿನ ಅಕ್ಕ ಗೆರೆ ದಾಟಿ ನನ್ನ ಕಡೆಗೆ ಬಂದು ನಿಂತಳು. ಅವಳು ಹಾಗೆ ಬಂದದ್ದು ಅದೇ ಮೊದಲು.

"ಲೇ, ಒಂದ್ಮಾತು. ನೀನು ಏನೂ ಮಾಡಬ್ಯಾಡ. ಊಟ ಆಕ್ಬ್ಯಾಡ, ನೀರ ಬದ್ಲಾಯ್ಸಬ್ಯಾಡ. ನಾ ಬರೋಗಂಟ ಅವು ತಡ್ಕತವೆ. ಗಾಳಿ ಮಿಷನ್ ನಿಂತ್ರೆ ಹಾಕು, ಅಷ್ಟೇಯ. ಚಿಪ್ಪ ಮಾತ್ರ ಮುಟ್ಟಬ್ಯಾಡ..."

"ಆಯ್ತು, ಮುಟ್ಟಲ್ಲ" ಅಂದೆ. ಅವಳ ಮಾತು ಮುಗಿದಿರಲಿಲ್ಲ. ನಾನು ಗ್ರೈಂಡಿಂಗ್ ಮಿಷನ್ ಹಾಕಿದೆ. ಅವಳು ಇನ್ನೂ ಏನೋ ಹೇಳುತ್ತಿದ್ದಳು, ಕೈಯನ್ನು ಚಿಪ್ಪಿನ ಹಾಗೆ ಬಗ್ಗಿಸಿ ತೋರಿಸುತ್ತಿದ್ದಳು. ನಾನು ತಲೆಯಾಡಿಸಿದೆ. ಅವಳು ಹೋದಳು.

ಅದು ಆಯುಧಪೂಜೆಯ ಹಿಂದಿನ ದಿನಗಳು. ನಮ್ಮಂಥವರಿಗೆ ಅದೇ ದೊಡ್ಡ ಹಬ್ಬ. ಅಂಗಡಿಯ ಪ್ರತಿ ಸಾಮಾನು ತೊಳೆದು, ಕುಂಕುಮ ಇಟ್ಟು, ಬಂದ ಗಿರಾಕಿಗಳಿಗೆ ಪುರಿ ಕಡಲೆ ಕೊಡುತ್ತೇವೆ. ಪ್ರತಿ ವರ್ಷವೂ ಆ ಚಿಪ್ಪಿನ ತೊಟ್ಟಿಯ ವಿಷಯಕ್ಕೆ ಜಗಳ ಆಗುತ್ತಿತ್ತು. ಚಿಪ್ಪುಗಳ ಮೇಲೆ ಹಸಿರು ಪಾಚಿ, ಮರಳಲ್ಲಿ ಹೊಂಡ ಗುಡ್ಡೆ. ನನ್ನ ಕಣ್ಣಿಗೆ ಅದು ಚರಂಡಿಯ ತಳ. ತೊಳೆಯೆಂದರೆ ಅವಳು, "ಅವ್ರ ಮನೆ ಅವ್ರು ಕಟ್ಕಂಡವ್ರೆ, ನೀ ನಿನ್ನ ಸ್ಪ್ಯಾನರ್ ತೊಳ್ಕೊ" ಅನ್ನುತ್ತಿದ್ದಳು. ಈ ಸಲ ಬೇಡ ಅನ್ನುವವರು ಯಾರೂ ಇರಲಿಲ್ಲ. ಅವಳು ಬಂದಾಗ ತೊಟ್ಟಿ ಕನ್ನಡಿಯ ಹಾಗೆ ಇರಲಿ ಅಂದುಕೊಂಡೆ. ಅವಳಿಗೆ ಖುಷಿಯಾಗಲಿ ಅಂತ ಮಾಡಿದೆ ಅಂತ ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡೆ. ಖುಷಿಗಲ್ಲ. ನಾನು ಹೇಳುತ್ತಿದ್ದದ್ದೇ ಸರಿ ಅಂತ ತೋರಿಸಲಿಕ್ಕೆ.

ಕೈ ಇಳಿಸುತ್ತಿದ್ದ ಹಾಗೆ ಮೀನುಗಳೆಲ್ಲ ಮಾಯವಾದವು. ಒಂದೂ ಕಾಣಲಿಲ್ಲ. ಎಲ್ಲಿ ಹೋದವು ಅಂತ ಒಂದು ಗಳಿಗೆ ಯೋಚನೆ ಬಂತು. ಮರಳಲ್ಲಿ ಹೂತುಕೊಂಡಿರಬೇಕು ಅಂದುಕೊಂಡೆ. ಯೋಚನೆ ಬಂದದ್ದೂ ನಿಜ, ಅದನ್ನು ಅಲ್ಲಿಗೇ ಬಿಟ್ಟದ್ದೂ ನಿಜ. ಚಿಪ್ಪುಗಳನ್ನೆಲ್ಲ ಬಾಚಿ ಬಕೆಟ್ಟಿಗೆ ಹಾಕಿದೆ. ಬ್ಲೀಚಿಂಗ್ ಪುಡಿ ಕದಡಿದ ನೀರಲ್ಲಿ ನೆನೆಸಿದೆ. ಪಾಚಿ ಬಿಟ್ಟುಕೊಂಡು ಬೆಳ್ಳಗಾದವು. ಬುಟ್ಟಿಯಲ್ಲಿ ತುಂಬಿಕೊಂಡು ಹೋಗಿ ತಾರಸಿಯ ಬಿಸಿಲಿಗೆ ಹರಡಿದೆ. ಸಂಡಿಗೆ ಒಣಹಾಕಿದ ಹಾಗೆ ಇತ್ತು. ನೋಡಿ ನನಗೇ ಸಂತೋಷವಾಯಿತು.

ಊಟ ಮಾಡಿ ಮೇಲೆ ಹೋದರೆ ಇರುವೆ ಸಾಲು. ನೀರಿನ ಪೈಪಿನ ಪಕ್ಕದಿಂದ ಹತ್ತಿ, ತಾರಸಿ ದಾಟಿ, ಒಂದೊಂದು ಚಿಪ್ಪಿನ ಬಾಯಿಗೂ ಕವಲೊಡೆದು ಒಳಗೆ ಹೋಗುತ್ತಿದ್ದವು. ತೊಳೆದ ಚಿಪ್ಪಿಗೆ ಇರುವೆ ಯಾಕೆ ಅಂತ ಒಂದನ್ನು ಎತ್ತಿ ಅಂಗೈ ಮೇಲೆ ತಟ್ಟಿದೆ. ಮೊದಲು ಇರುವೆ ಬಿದ್ದವು. ಆಮೇಲೆ ಬಾಲ ಮಡಚಿಕೊಂಡ ಒಂದು ಬೂದು ಪಟ್ಟೆಯ ಮೀನು ಬಿತ್ತು. ಅದರ ಹಿಂದೆ ಎಳ್ಳುಕಾಳಿನಂಥವು ನಾಲ್ಕಾರು ಅಂಟಿಕೊಂಡಿದ್ದವು. ಅವು ಮರಿಗಳು ಅಂತ ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಹೆದರಿಕೆಯಾದರೆ ಅವು ಓಡಿಹೋಗುವುದು ಚಿಪ್ಪಿನ ಒಳಕ್ಕೇ. ನಾನು ಕೈ ಇಳಿಸಿದಾಗ ಎಲ್ಲವೂ ತಮ್ಮ ತಮ್ಮ ಮನೆ ಸೇರಿದ್ದವು. ನಾನು ಮನೆಗಳ ಸಮೇತ ಎತ್ತಿಕೊಂಡು ಬಂದಿದ್ದೆ. ಗ್ರೈಂಡಿಂಗ್ ಮಿಷನ್ನಿನ ಸದ್ದಿನಲ್ಲಿ ಅವಳು ಕೈ ಬಗ್ಗಿಸಿ ತೋರಿಸಿದ್ದು ಇದನ್ನೇ ಅಂತ ಆಗ ಹೊಳೆಯಿತು.

ಇಷ್ಟೇ ಆಗಿದ್ದರೆ ದಡ್ಡತನ ಅನ್ನಬಹುದಿತ್ತು. ಮುಂದೆ ಮಾಡಿದ್ದಕ್ಕೆ ಆ ಹೆಸರು ಒಪ್ಪುವುದಿಲ್ಲ. ಸತ್ತ ಮೀನುಗಳನ್ನು ಚಿಪ್ಪಿನ ಸಮೇತ ಗೋಣಿಚೀಲದಲ್ಲಿ ಕಟ್ಟಿ ಊರಾಚೆ ಎಸೆದೆ. ಗಾಡಿ ತೆಗೆದುಕೊಂಡು ಯಳಂದೂರಿಗೆ ಹೋದೆ. ಗದ್ದೆ ಬದುಗಳ ಮೇಲೆ ಬಗ್ಗಿ ಬಗ್ಗಿ, ಕೊಕ್ಕರೆ ತಿಂದು ಬಿಟ್ಟ ಚಿಪ್ಪುಗಳನ್ನು ಆಯ್ದೆ. ಗದ್ದೆ ಕೆಲಸದ ಹೆಂಗಸೊಬ್ಬಳು, "ಏನಣ್ಣ, ಒಬ್ಬಕ್ಕ ಬತ್ತಿದ್ಲು ಇದಕ್ಕೇ, ಅವ್ಳು ನಿಮ್ಗೇನಾಗ್ಬೇಕು?" ಅಂತ ಕೇಳಿದಳು. ಆಯ್ದದ್ದನ್ನು ಗಾಡಿಗೆ ಕಟ್ಟಿಕೊಂಡು ಹೊರಟೆ. ಬಂದು ಮರಳು ಸರಿಮಾಡಿ, ಚಿಪ್ಪು ಜೋಡಿಸಿ, ನೀರು ತುಂಬಿಸಿ, ಗಾಳಿ ಮಿಷನ್ ಹಾಕಿದೆ. ಆಯುಧಪೂಜೆಯ ದಿನ ಬಂದವರೆಲ್ಲ, "ತೊಟ್ಟಿ ಏನ್ ಚೆನ್ನಾಗದೆಯಪ್ಪ" ಅಂದರು. ಮೀನು ಎಲ್ಲಿ ಅಂತ ಒಬ್ಬರೂ ಕೇಳಲಿಲ್ಲ.

ಅಕ್ಕ ಬಂದಳು. ಬಸ್ಸಿಳಿದವಳು ಹೊಟ್ಟೆ ಹಿಡಿದುಕೊಂಡು ನೇರ ತೊಟ್ಟಿಯ ಮುಂದೆ ಹೋಗಿ ಸ್ಟೂಲಿನ ಮೇಲೆ ಕೂತಳು. ನನ್ನ ಹೆಂಡತಿ ಗಂಟು ಇಳಿಸಿ ಹಿಂದೆಯೇ ನಿಂತಳು. ಅಕ್ಕ ತುಂಬ ಹೊತ್ತು ನೋಡಿದಳು. ನಾನು ಮೊದಲೇ ಹೊಂಚಿಟ್ಟಿದ್ದ ಮಾತು ಹೇಳಿದೆ.

"ಕರೆಂಟು ಓಗಿತ್ತು ಅಕ್ಕ. ನಾನು ಕೌದಳ್ಳೀಲಿ ಬೋರ್ ಕೆಲಸಕ್ಕೆ ಓಗಿದ್ದೆ. ಬರೋ ಹೊತ್ಗೆ ಎಲ್ಲಾ ತೇಲ್ತಿದ್ವು."

ಅವಳು ಪಕ್ಕದ ಕಲ್ಲಿನ ತೊಟ್ಟಿಯ ಕಡೆ ತಿರುಗಿದಳು. ಎರಡೂ ತೊಟ್ಟಿಗೆ ಗಾಳಿ ಹೋಗುವುದು ಒಂದೇ ಮಿಷನ್ನಿಂದ. ಕರೆಂಟು ಹೋದರೆ ಮೊದಲು ಸಾಯಬೇಕಾದವು ಕಿಕ್ಕಿರಿದು ತುಂಬಿದ್ದ ಆ ದೊಡ್ಡ ಮೀನುಗಳು. ಹಳದಿ ಮೀನು ಎಂದಿನ ಹಾಗೆ ಯಾರನ್ನೋ ಅಟ್ಟಿಸಿಕೊಂಡು ಹೋಗುತ್ತಿತ್ತು. ನನ್ನ ಸುಳ್ಳಿನಲ್ಲಿ ಅದನ್ನು ನಾನು ಎಣಿಸಿಯೇ ಇರಲಿಲ್ಲ. ಅಕ್ಕ ಮತ್ತೆ ಚಿಕ್ಕ ತೊಟ್ಟಿಗೆ ಕೈ ಇಳಿಸಿ ಒಂದು ಚಿಪ್ಪು ತೆಗೆದಳು. ಅದರ ಬಾಯಿ ಕೊಕ್ಕರೆಯ ಕೊಕ್ಕಿಗೆ ಸಿಕ್ಕಿ ಒಡೆದಿತ್ತು. ಅದನ್ನು ಹೆಬ್ಬೆರಳಲ್ಲಿ ಸವರಿದಳು.

"ಬಲೇ ಬುದ್ಧಿವಂತ ಕರೆಂಟು" ಅಂದಳು. "ಆರ್ಸಿ ಆರ್ಸಿ ತಕಂಡೋಗದೆ."

ಅಷ್ಟೇ. ಕೂಗಲಿಲ್ಲ, ಅಳಲಿಲ್ಲ. ಅವಳು ಕೂಗಿದ್ದರೆ ನಾನೂ ಕೂಗಿ ಹಗುರಾಗುತ್ತಿದ್ದೆ. ಹೊಲಿಗೆ ಬಿಚ್ಚುವವರೆಗೆ ಇದ್ದಳು. ಆಮೇಲೆ ಯಳಂದೂರಿನಲ್ಲಿ ಒಂದು ಹಾಸ್ಟೆಲ್ಲಿನ ಅಡುಗೆ ಕೆಲಸ ಹುಡುಕಿಕೊಂಡು, ಅಲ್ಲೇ ಒಂದು ಕೋಣೆ ಹಿಡಿದಳು. ಗೂಡ್ಸ್ ಆಟೋ ಬಂತು. ಮತ್ತೆ ಆ ಕಲ್ಲಿನ ಮೂಟೆಗಳು. ನಾನು ಎತ್ತಲು ಕೈ ಹಾಕಿದರೆ, "ಬುಡು, ನಿನ್ನ ಕೈಗೆ ಅಂಟ್ಕಂಡಾವು" ಅಂದಳು. ಬೀದಿಯವರು ಕೇಳಿದಾಗ ನಾನು, "ಅವಳ ಬುದ್ಧಿ ನಿಮ್ಗೇ ಗೊತ್ತಲ್ಲ, ಎಲ್ಲೂ ಒಂದ್ಕಡೆ ನಿಲ್ಲಲ್ಲ" ಅಂದೆ.

ಅವಳಿದ್ದ ಜಾಗದಲ್ಲಿ ತಂತಿಯ ಉಂಡೆಗಳನ್ನು ಇಟ್ಟೆ. ಗೆರೆ ಅಳಿಸಿದೆ. ಎಷ್ಟೋ ಸಲ ಗ್ರೈಂಡಿಂಗ್ ಮಿಷನ್ ಹಾಕಿದಾಗ ಸುಮ್ಮಸುಮ್ಮನೆ ತಿರುಗಿ ನೋಡುತ್ತಿದ್ದೆ. ಆದರೂ ಹೋಗಲಿಲ್ಲ. ಯಳಂದೂರು ಎಷ್ಟು ದೂರ? ಬಸ್ಸಿನಲ್ಲಿ ಒಂದು ನಿದ್ದೆಯೂ ಆಗುವುದಿಲ್ಲ. ಆ ಕಡೆಯ ಕೆಲಸಕ್ಕೆ ಹೋದಾಗಲೂ ಹಾಸ್ಟೆಲ್ಲಿನ ಬೀದಿ ತಪ್ಪಿಸಿ ಸುತ್ತುಹಾಕಿ ಬರುತ್ತಿದ್ದೆ.

ಮುಂದಿನ ಆಯುಧಪೂಜೆ ಬಂತು. ನನ್ನ ಹೆಂಡತಿ ತಾರಸಿ ಗುಡಿಸಲು ಹೋದವಳು ಒಂದು ಚಿಪ್ಪು ಹಿಡಿದುಕೊಂಡು ಇಳಿದಳು. ನೀರಿನ ಟ್ಯಾಂಕಿನ ಹಿಂದೆ ಉರುಳಿಹೋಗಿದ್ದದ್ದು. ಹಾಲಿನ ಹಾಗೆ ಬೆಳ್ಳಗಿತ್ತು. "ಇದು ಮ್ಯಾಲೆ ಎಂಗ್ ಬಂತು?" ಅಂದಳು. ಸುಳ್ಳು ಹೇಳಬಹುದಿತ್ತು. ಆದರೆ ಅವಳು ಚಿಪ್ಪನ್ನು ಅಲ್ಲಾಡಿಸಿದಳು, ಒಳಗೆ ಒಣಗಿದ್ದೇನೋ ಗಿಲಿಗಿಲಿ ಅಂತು. ನಾನು ಕೂತಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ.

ಅವಳು ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು ಬೇರೆ. "ಆಸ್ಪತ್ರೇಲಿ ನಿಮ್ಮಕ್ಕ ಏನಂತಿದ್ಲು ಗೊತ್ತಾ ನಿಮ್ಗೆ? ನೋವಲ್ಲೂ ಮೀನು ಮೀನು ಅಂತಿದ್ಲು. ನಾನು, ಯಾಕಷ್ಟು ಯೋಚ್ನೆ ಮಾಡ್ತೀರಿ ಅಂದ್ರೆ, 'ಯೋಚ್ನೆ ಇಲ್ಲ ಕಣಮ್ಮಿ. ನನ್ನ ತಮ್ಮ ಮುಂಗೋಪಿ, ಆದ್ರೆ ಮುಟ್ಟಲ್ಲ ಅಂದವ್ನೆ. ಅಂದ್ಮೇಲೆ ಮುಟ್ಟಲ್ಲ' ಅಂದ್ಲು."

ಚಿಪ್ಪನ್ನು ನನ್ನ ಕೆಲಸದ ಮೇಜಿನ ಮೇಲಿಟ್ಟಳು. "ಈ ಸಲ ಪೂಜೆಗೆ ನಾನು ಕೈ ಆಕಲ್ಲ. ಮೊದ್ಲು ಓಗಿ ಯೋಳ್ಬುಟ್ಟು ಬನ್ನಿ. ಬಾಯ್ಬುಟ್ಟು ಯೋಳ್ಬೇಕು."

ಮಾರನೆಯ ದಿನ ಮಧ್ಯಾಹ್ನ ಅಕ್ಕನ ಕೋಣೆಯ ಮುಂದೆ ನಿಂತಿದ್ದೆ. ಬಾಗಿಲು ತೆರೆದೇ ಇತ್ತು. ನನ್ನನ್ನು ನೋಡಿ ಅವಳ ಮುಖ ಬದಲಾಗಲಿಲ್ಲ.

"ಏನ್ಲಾ, ದಾರಿ ತಪ್ತಾ?"

"ನೋಡ್ಕಂಡು ಓಗಾನ ಅಂತ ಬಂದೆ."

"ನೋಡಾಯ್ತಲ್ಲ. ಓಗು."

ಹೋಗಲಿಲ್ಲ. ಅವಳು ಕಲ್ಲಿನ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಕಲ್ಲುಗಳನ್ನೆಲ್ಲ ಹೊರಗೆ ತೆಗೆದು ನೆಲದ ಮೇಲೆ ಇಟ್ಟಿದ್ದಳು. ಹೊಸ ಮೀನು ಬಂದಿತ್ತು ಅಂತ ಕಾಣುತ್ತದೆ, ಪ್ಲಾಸ್ಟಿಕ್ ಕವರು ನೀರಿನ ಮೇಲೆ ತೇಲುತ್ತಿತ್ತು. ಮನೆಯಿಲ್ಲದ ಮೀನುಗಳು ಬರೀ ನೀರಲ್ಲಿ ಗುಂಪಾಗಿ ನಿಂತಿದ್ದವು, ಜಗಳ ಮರೆತು. ಅವಳ ಕೈಯಲ್ಲಿ ಅದೇ ಬಿಳಿ ಗೆರೆ. ಯಳಂದೂರಿನ ನೀರೂ ಗಡಸೇ ಇರಬೇಕು.

ಮೂಲೆಯಲ್ಲಿ ಚಿಕ್ಕ ತೊಟ್ಟಿ ಬೋರಲು ಹಾಕಿತ್ತು.

"ಚಿಪ್ಪಿನವು ಮತ್ತೆ ತರ್ಲಿಲ್ವಾ?" ಅಂದೆ. ಅದನ್ನು ಕೇಳಬಾರದಿತ್ತು.

"ಇಲ್ಲೂ ಕರೆಂಟು ಸರಿಯಿಲ್ಲ ಕಣ್ಲಾ."

ನಾನು ಜೇಬಿನಿಂದ ಆ ಬಿಳಿ ಚಿಪ್ಪು ತೆಗೆದು ಅವಳ ಹತ್ತಿರ, ಕಲ್ಲುಗಳ ಪಕ್ಕ ಇಟ್ಟೆ. ಅವಳು ನೋಡಿದಳು. ಇದು ಅವಳೇ ಆರಿಸಿ ತಂದದ್ದು, ಬಾಯಿ ಒಡೆದಿರಲಿಲ್ಲ. ಎತ್ತಿಕೊಳ್ಳಲಿಲ್ಲ. ನಾನು ಏನೋ ಗೊಣಗಿದೆ. ಗಾಳಿ ಮಿಷನ್ನು ಗುರ್ ಅನ್ನುತ್ತಲೇ ಇತ್ತು, ನೀರು ಬುಳುಬುಳು ಕುದಿಯುತ್ತಿತ್ತು. ನನಗೇ ನನ್ನ ಮಾತು ಕೇಳಿಸಲಿಲ್ಲ.

"ಏನಂದೆ?"

ಮತ್ತೆ ಗೊಣಗಿದೆ. ಸದ್ದಿನಲ್ಲಿ ಹೇಳಿ ಮುಗಿಸಿ, ಹೇಳಿದ್ದೇನೆ ಅಂತ ಹೊರಟುಬಿಡುವ ಆಸೆ ಇತ್ತೇನೋ.

ಅಕ್ಕ ಕೈ ಚಾಚಿದಳು. ಗೋಡೆಯ ಪ್ಲಗ್ಗನ್ನು ಕಿತ್ತಳು. ಮಿಷನ್ನು ನಿಂತಿತು. ಗುಳ್ಳೆಗಳು ನಿಂತವು. ಕೋಣೆಯಲ್ಲಿ ಅಷ್ಟೊಂದು ಸದ್ದು ಇತ್ತು ಅಂತ ಆಗಲೇ ಗೊತ್ತಾಗಿದ್ದು. ಅವಳು ಪ್ಲಗ್ಗನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು.

"ಈಗ ಯೋಳು. ಬ್ಯಾಗ ಯೋಳು, ಗಾಳಿ ನಿಂತದೆ."

ನೀರು ಅಲ್ಲಾಡದೆ ನಿಂತಿತ್ತು. ಮೀನುಗಳು ಒಂದೊಂದಾಗಿ ಮೇಲಕ್ಕೆ ಬರತೊಡಗಿದವು.

"ಅಕ್ಕ, ಕರೆಂಟು ಓಗಿರ್ಲಿಲ್ಲ. ನಾನೇ ಚಿಪ್ಪ ತಗ್ದು, ತೊಳ್ದು, ಬಿಸ್ಲಿಗಾಕ್ದೆ. ಎಲ್ಲಾವೂ ಒಳ್ಗೇ ಇದ್ವು. ನೀ ಯೋಳ್ವಾಗ ನಾ ಬೇಕಂತ್ಲೇ ಮಿಷನ್ ಹಾಕ್ದೆ, ನಿನ್ನ ಮಾತ ಕೇಳ್ಬಾರ್ದು ಅಂತ. ತಪ್ಪಾಯ್ತು ಅಕ್ಕ. ನಂದು ತಪ್ಪಾಯ್ತು."